ಸಂಡೂರಿನ ಮಣ್ಣು, ತುಂಗಭದ್ರೆಯ ಬಾಗಿಲು

ಹೊಸಪೇಟೆಯನ್ನು ಬಿಟ್ಟು ಸಂಡೂರಿನ ಕಣಿವೆಯ ಕಡೆಗೆ ಹೊರಟ ಪಥಿಕನ ಕಾಲಿಗೂ ಉಡುಪಿಗೂ, ದಾರಿಬದಿಯ ಬೇವಿನ ಎಲೆಗೂ, ಮನೆಗಳ ಗೋಡೆಗೂ ಸಮಾನವಾಗಿ ಅಂಟಿಕೊಳ್ಳುವ ಕೆಂಪು ಧೂಳು, ರಸಾಯನಶಾಸ್ತ್ರಜ್ಞನ ದೃಷ್ಟಿಯಲ್ಲಿ, ಹಿತ್ತಿಲಲ್ಲಿ ಮಳೆಗೆ ತೊಯ್ದ ಗುದ್ದಲಿಯ ಮೇಲೆ ಏಳುವ ತುಕ್ಕಿನ ಸಮೀಪಬಂಧುವೇ ಆಗಿದೆ. ಎರಡೂ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಪಡೆದ ರೂಪಗಳು. ಬೆಟ್ಟದಲ್ಲಿದ್ದಾಗ ಅದನ್ನು ಹೆಮಟೈಟ್ ಅದಿರೆಂದು ಅಗೆದು ಮಾರುತ್ತೇವೆ, ಗುದ್ದಲಿಯ ಮೇಲೆ ನೀರಿನ ಅಂಶವನ್ನೂ ಸೇರಿಸಿಕೊಂಡು ಕಾಣಿಸಿದಾಗ ತುಕ್ಕೆಂದು ಉಜ್ಜಿ ತೆಗೆಯುತ್ತೇವೆ. ಸುಮಾರು 270 ಕೋಟಿ ವರ್ಷಗಳಷ್ಟು ಪುರಾತನವಾದ ಸಂಡೂರಿನ ಶಿಲಾಪಟ್ಟಿಯಲ್ಲಿ ಕಬ್ಬಿಣವು ಈ ಆಕ್ಸೈಡಿನ ಸ್ಥಿತಿಯಲ್ಲಿಯೇ ಸ್ಥಿರವಾಗಿ ನೆಲೆಸಿತ್ತು. ಮನುಷ್ಯನು ಇದ್ದಿಲಿನ ಬೆಂಕಿಯಿಂದ ಅದರೊಳಗಿನ ಆಮ್ಲಜನಕವನ್ನು ಬಲಾತ್ಕಾರವಾಗಿ ಹೊರದೂಡಿ ಶುದ್ಧಲೋಹವನ್ನು ಪಡೆದ ಕ್ಷಣದಿಂದಲೇ, ಗಾಳಿ ಮತ್ತು ನೀರುಗಳು ಅದನ್ನು ಮೊದಲಿನ ಸ್ಥಿತಿಗೆ ಕರೆದೊಯ್ಯಲು ಪ್ರಯತ್ನಿಸತೊಡಗುತ್ತವೆ. ಆ ಮರುಪ್ರಯಾಣವನ್ನು ಸಂಪೂರ್ಣವಾಗಿ ನಿಲ್ಲಿಸುವ ಉಪಾಯ ಯಾರಿಗೂ ತಿಳಿದಿಲ್ಲ. ತಡಮಾಡುವ ಉಪಾಯಗಳು ಉಂಟು. ಅವುಗಳಲ್ಲಿ ಬಹು ಪ್ರಾಚೀನವೂ ಇಂದಿಗೂ ಬಹು ವ್ಯಾಪಕವೂ ಆದದ್ದು ಲೋಹದ ಮೈಗೂ ಗಾಳಿನೀರಿಗೂ ನಡುವೆ ಒಂದು ತೆಳುವಾದ ಲೇಪವನ್ನಿಡುವುದು. ತುಂಗಭದ್ರೆಯ ಈ ದಡದಲ್ಲಿ ಅಂಥ ಲೇಪಗಳ ಇತಿಹಾಸವು ವಿಜಯನಗರ ಸಾಮ್ರಾಜ್ಯದ ಇತಿಹಾಸದಷ್ಟೇ ದೀರ್ಘವಾಗಿದೆ. ಆದರೆ ಕಟ್ಟಿದವರ ಹೆಸರು ಶಾಸನಗಳಲ್ಲಿ ಉಳಿದಂತೆ, ಕಟ್ಟಿದ್ದಕ್ಕೆ ವರ್ಷವರ್ಷವೂ ಎಣ್ಣೆ ಬಣ್ಣಗಳನ್ನು ಬಳಿದು ಕಾಪಾಡಿದವರ ಹೆಸರು ಎಲ್ಲಿಯೂ ಉಳಿದಿಲ್ಲವಾದ್ದರಿಂದ, ಆ ಕಥೆಯನ್ನು ವಸ್ತುಗಳಿಂದಲೇ ಓದಿಕೊಳ್ಳಬೇಕಾಗಿದೆ.

ಸಂಡೂರಿನ ಅದಿರಿನ ಸಮೃದ್ಧಿಯನ್ನು ಆಧುನಿಕ ಲೋಕಕ್ಕೆ ವಿವರವಾಗಿ ತಿಳಿಸಿದವನು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಆತನ ಗ್ರಂಥವು 1895ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೆ ಬಹುಕಾಲ ಮೊದಲೇ ಈ ಸೀಮೆಯ ಜನ ತಿದಿಯೊತ್ತಿ ಅದಿರನ್ನು ಕರಗಿಸಿ, ಕುಳ, ಕುಡುಗೋಲು, ಬಂಡಿಯ ಅಚ್ಚುಗಳನ್ನು ಮಾಡಿಕೊಳ್ಳುತ್ತಿದ್ದರು. ಹಂಪೆಗೆ ಅಂಟಿಕೊಂಡಿರುವ ಕಮಲಾಪುರದಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ವಿಶಾಲವಾದ ಕಬ್ಬಿಣದ ಕೊಪ್ಪರಿಗೆಗಳು ತಯಾರಾಗುತ್ತಿದ್ದುದನ್ನು ಕಳೆದ ಶತಮಾನದ ಆದಿಭಾಗದ ಗೆಜೆಟಿಯರುಗಳು ಹೇಳುತ್ತವೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರಿನಿಂದ ಕಬ್ಬು ಬೆಳೆಯುತ್ತಿದ್ದ ಹೊಸಪೇಟೆ, ಕಂಪ್ಲಿಗಳ ಬಯಲಿನಲ್ಲಿ ಆಲೆಮನೆಗಳಿಗೆ ಅವು ಎಷ್ಟು ಅವಶ್ಯವಾಗಿದ್ದುವೆಂಬುದನ್ನು ವಿವರಿಸಬೇಕಾಗಿಲ್ಲ. ಅಂಥ ಕೊಪ್ಪರಿಗೆಯು ಆಲೆ ನಡೆಯುವ ತಿಂಗಳುಗಳಲ್ಲಿ ಹಗಲಿರುಳೂ ಒಲೆಯ ಮೇಲಿರುವುದರಿಂದ ತುಕ್ಕಿಗೆ ಅವಕಾಶವೇ ಇಲ್ಲ; ಅಪಾಯವಿರುವುದು ಒಲೆ ಆರಿದ ಮೇಲೆ, ಮಳೆಗಾಲದ ಬಿಡುವಿನಲ್ಲಿ. ಕಬ್ಬಿಣದ ಪಾತ್ರೆಯನ್ನು ತೊಳೆದು, ಬಿಸಿಲಲ್ಲಿ ಚೆನ್ನಾಗಿ ಆರಿಸಿ, ಎಣ್ಣೆ ಸವರಿ ಬೋರಲು ಹಾಕುವ ರೂಢಿ ಹಳ್ಳಿಗರಲ್ಲಿ ಬೇರೂರಿದ್ದು ಈ ಕಾರಣದಿಂದ.

ಎಣ್ಣೆಯೆಂದರೆ ಎಲ್ಲ ಎಣ್ಣೆಯೂ ಒಂದೇ ಅಲ್ಲವೆಂಬ ಸೂಕ್ಷ್ಮವೂ ಅವರಿಗೆ ತಿಳಿದಿತ್ತು. ಹರಳೆಣ್ಣೆ ಎಷ್ಟು ದಿನ ಕಳೆದರೂ ಒಣಗದು. ಆದ್ದರಿಂದ ಬೀಗಕ್ಕೂ ಬಂಡಿಯ ಅಚ್ಚಿಗೂ ಅದೇ ಸಲ್ಲುವುದು. ಸುಟ್ಟ ಹುಲ್ಲಿನ ಕರಿಯನ್ನು ಅದರಲ್ಲಿ ಕಲಸಿದ ಕೀಲೆಣ್ಣೆಯು ಗಾಲಿ ತಿರುಗಲು ನೆರವಾಗುವುದರ ಜೊತೆಗೆ ಕಬ್ಬಿಣಕ್ಕೆ ನೀರು ತಗುಲದಂತೆಯೂ ಕಾಯುತ್ತಿತ್ತು. ಅಗಸೆಎಣ್ಣೆಯ ಸ್ವಭಾವ ಇದಕ್ಕೆ ವಿರುದ್ಧ: ತೆಳುವಾಗಿ ಹರಡಿದಾಗ ಅದು ಗಾಳಿಯ ಆಮ್ಲಜನಕವನ್ನು ತಾನೇ ಹೀರಿಕೊಂಡು ಕೆಲವು ದಿನಗಳಲ್ಲಿ ಗಟ್ಟಿಯಾದ ಪೊರೆಯಾಗುತ್ತದೆ. ಜಗತ್ತಿನ ಬಣ್ಣಗಾರರೆಲ್ಲ ಶತಮಾನಗಳ ಪರ್ಯಂತ ಅವಲಂಬಿಸಿದ್ದು ಈ ಗುಣವನ್ನೇ. ದೋಸೆಯ ಹಂಚನ್ನು ಎಣ್ಣೆ ಹಾಕಿ ಮತ್ತೆ ಮತ್ತೆ ಕಾಯಿಸಿ ಪಳಗಿಸುವ ಗೃಹಿಣಿಯೂ, ಶಾಖದ ಸಹಾಯದಿಂದ, ಅಂಥದೇ ಪೊರೆಯೊಂದನ್ನು ಕಟ್ಟುತ್ತಾಳೆ.

ಇನ್ನು ಹಂಪೆಯ ವೈಭವದ ಲೇಪ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯಿಸನು ದೇಗುಲವೊಂದನ್ನು ವರ್ಣಿಸುತ್ತ ಅದರ ಬಾಗಿಲ ಭಾಗಕ್ಕೆ ಚಿನ್ನದ ಮೆರುಗು ಕೊಟ್ಟ ತಾಮ್ರವನ್ನು ಹೊದಿಸಿದ್ದನ್ನು ಹೇಳುತ್ತಾನೆ. ಚಿನ್ನವನ್ನು ಅಲ್ಲಿ ಬಳಸಿದ್ದು ಭಕ್ತಿಗೂ ರಾಜಗೌರವಕ್ಕೂ ಎಂಬುದು ನಿಜ. ಆದರೂ ಆಮ್ಲಜನಕದೊಡನೆ ಕೂಡದ ಲೋಹವನ್ನು ಕೂಡುವ ಲೋಹದ ಮೇಲೆ ಹೊದಿಸುವ ಆ ಕೌಶಲವು ಲೇಪನವಿದ್ಯೆಯ ಪರಮಾವಧಿಯೆಂದೇ ಹೇಳಬೇಕು. ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟವಾದದ್ದು: ಹೊದಿಕೆ ಅಖಂಡವಾಗಿರುವ ತನಕ ತಾಮ್ರ ಸುರಕ್ಷಿತ, ಎಲ್ಲಿಯೋ ಒಂದು ಸೂಜಿಮೊನೆಯಷ್ಟು ಹರಿದರೆ ಅಲ್ಲಿ ತೇವ ಸೇರಿ ತಾಮ್ರವು ಬರಿಯ ತಾಮ್ರಕ್ಕಿಂತಲೂ ಬೇಗ ಕೆಡುತ್ತದೆ. 1565ರಲ್ಲಿ ವಿಜಯನಗರವು ಸೋತ ಅನಂತರದ ಲೂಟಿಯಲ್ಲಿ ಆ ತಗಡುಗಳು ಕಣ್ಮರೆಯಾಗಿರಬೇಕು. ಅದೇ ಪಾಯಿಸನು ಆನೆಗೊಂದಿಯ ದಡಕ್ಕೆ ಜನ ದಾಟುತ್ತಿದ್ದ, ಹೊರಗೆ ತೊಗಲು ಹೊದಿಸಿದ ದುಂಡನೆಯ ಹರಿಗೋಲುಗಳನ್ನೂ ಕಂಡಿದ್ದನು. ತೊಗಲಿನ ಸ್ಥಾನಕ್ಕೆ ಈಗ ಡಾಂಬರು ಬಳಿದ ಹೊದಿಕೆ ಬಂದಿದೆ.

ಅರಮನೆಯ ಚಿನ್ನ ಹೋದರೂ ಮನೆಮನೆಯ ತವರ ಉಳಿಯಿತು. ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರು ಮಾಡಿದರೆ ಕಿಲುಬು ಕೂಡಿ ಅನ್ನವೇ ವಿಷಪ್ರಾಯವಾದೀತೆಂಬ ಭಯದಿಂದ, ವರ್ಷಕ್ಕೊಂದೆರಡು ಸಲವಾದರೂ ಪಾತ್ರೆಗಳಿಗೆ ಕಲಾಯಿ ಹಾಕಿಸದ ಮನೆಯೇ ಒಂದು ಕಾಲಕ್ಕೆ ಇರಲಿಲ್ಲ. ಕಲಾಯಿಯವನು ಬೀದಿಯ ಮರದಡಿಯಲ್ಲಿ ಕುಳಿ ತೋಡಿ, ತಿದಿಯ ಮೂತಿಯನ್ನು ಮಣ್ಣಿನಲ್ಲಿ ಹೂತು, ಇದ್ದಿಲು ಹೊತ್ತಿಸಿ ಕುಳಿತನೆಂದರೆ ಕೇರಿಯ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದರು. ಆತನ ವಿದ್ಯೆಯ ಅರ್ಧಭಾಗ ಕಲಾಯಿ ಹಾಕುವ ಮೊದಲೇ ಮುಗಿಯುತ್ತಿತ್ತು: ಮರಳು ಹುಳಿಗಳಿಂದ ಪಾತ್ರೆಯ ಒಳಮೈಯನ್ನು ಲೋಹ ಹೊಳೆಯುವ ತನಕ ಉಜ್ಜಿ ತೆಗೆದು, ಬೆಂಕಿಯ ಮೇಲಿಟ್ಟು, ಅರಳೆಯಲ್ಲಿ ನವಸಾಗರದ ಪುಡಿಯನ್ನು ತೆಗೆದು ಸವರಿದಾಗ ದಟ್ಟವಾದ ಬಿಳಿಯ ಹೊಗೆಯೆದ್ದು ಉಳಿದಿದ್ದ ಆಕ್ಸೈಡು ನಾಶವಾಗುತ್ತಿತ್ತು. ತರುವಾಯ ತವರದ ಕಡ್ಡಿಯನ್ನು ತಾಗಿಸಿದೊಡನೆ—ತವರವು ಕೇವಲ 232 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕರಗುತ್ತದೆ—ಅದು ಹರಿದು, ಅರಳೆಯ ಒಂದು ಸುತ್ತಿಗೆ ಪಾತ್ರೆಯ ಒಳಗೆಲ್ಲ ಬೆಳ್ಳಿಯಂತೆ ಹಬ್ಬುತ್ತಿತ್ತು. ಕೂಡಲೇ ನೀರಿನಲ್ಲಿ ಅದ್ದಿ ತೆಗೆದು ಕೊಡುತ್ತಿದ್ದನು. ಮೈ ಶುದ್ಧವಾಗದೆ ಲೇಪ ಹಿಡಿಯದೆಂಬ ಸೂತ್ರವನ್ನು ಇಂದಿನ ಎಂಜಿನಿಯರರು ದಪ್ಪ ದಪ್ಪ ಗ್ರಂಥಗಳಲ್ಲಿ ಬರೆದಿದ್ದಾರೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ ಆ ಮನುಷ್ಯನು ಅದನ್ನು ಕೈಯಿಂದ ಬಲ್ಲವನಾಗಿದ್ದನು, ಮತ್ತು ಅವನಿಗೆ ಸಲ್ಲಬೇಕಾದ ಗೌರವವನ್ನು ನಾವು ಸಲ್ಲಿಸಿದ್ದೇವೆಂದು ನನಗೆ ಅನ್ನಿಸುವುದಿಲ್ಲ. ಸ್ಟೀಲ್ ಪಾತ್ರೆಗಳು ಬಂದ ಮೇಲೆ ಆತನ ತಿದಿ ಆರಿತು. ಸ್ಟೀಲ್ ಪಾತ್ರೆಗೆ ಲೇಪ ಬೇಡವೆನ್ನುವುದು ತಪ್ಪು. ಅದರಲ್ಲಿರುವ ಕ್ರೋಮಿಯಮ್ಮು ಕಣ್ಣಿಗೆ ಕಾಣದ ಆಕ್ಸೈಡಿನ ಲೇಪವೊಂದನ್ನು ತಾನಾಗಿಯೇ ಕಟ್ಟಿಕೊಳ್ಳುತ್ತದೆ, ಗೀರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ.

ನದಿಯಾಚೆ ಅಂಜನಾದ್ರಿಯಲ್ಲಿ ಆಂಜನೇಯನು ಹುಟ್ಟಿದನೆಂಬುದು ಈ ಸೀಮೆಯ ನಂಬಿಕೆ. ಹಂಪೆಯ ಬಂಡೆಬಂಡೆಗಳಲ್ಲಿಯೂ ಕೆತ್ತಿರುವ ಆತನ ಮೂರ್ತಿಗಳಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಬಳಿಯುವುದು ಭಕ್ತರ ಪದ್ಧತಿ. ಸಾಂಪ್ರದಾಯಿಕವಾದ ಈ ಸಿಂಧೂರವು ಸೀಸದ ಕೆಂಪು ಆಕ್ಸೈಡು. ಯುರೋಪಿನಲ್ಲಿ ಕಬ್ಬಿಣದ ಸೇತುವೆಗಳೂ ಹಡಗುಗಳೂ ಏಳತೊಡಗಿದ ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳ ಮೈಗೆ ಮೊದಲ ಲೇಪವಾಗಿ ಬಳಿಯಲು ಆರಿಸಿಕೊಂಡದ್ದು ಅಗಸೆಎಣ್ಣೆಯಲ್ಲಿ ಅರೆದ ಇದೇ ಪದಾರ್ಥವನ್ನು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಸಾಧಿಸಹೊರಟಿಲ್ಲ. ಭಕ್ತನ ಕೈಯಲ್ಲಿಯೂ ಕಾರ್ಖಾನೆಯ ಕೆಲಸಗಾರನ ಕೈಯಲ್ಲಿಯೂ ಒಂದೇ ವಸ್ತುವಿದ್ದುದು ಮಾತ್ರ ಸತ್ಯ. ಸಿಂಧೂರವು ಅಗಸೆಎಣ್ಣೆಯ ಆಮ್ಲಗಳೊಡನೆ ಕೂಡಿ ಸೀಸದ ಸಾಬೂನುಗಳಾಗಿ ಮಾರ್ಪಟ್ಟು, ನೀರನ್ನು ತಡೆಯುವುದಷ್ಟೇ ಅಲ್ಲದೆ, ಒಳನುಗ್ಗಿದ ಅಲ್ಪಸ್ವಲ್ಪ ತೇವದ ತುಕ್ಕು ಹಿಡಿಸುವ ಶಕ್ತಿಯನ್ನೂ ಕುಂದಿಸುತ್ತದೆ. ಸ್ವಲ್ಪ ತುಕ್ಕು ಉಳಿದಿರುವ ಮೈಯ ಮೇಲೆಯೂ ಅದು ಚೆನ್ನಾಗಿ ನಿಲ್ಲುವುದು. ಅದಕ್ಕಿಂತ ಅಗ್ಗವಾದದ್ದು ಬಳ್ಳಾರಿ ಸೀಮೆಯ ಖನಿಜಗಳಲ್ಲಿ ಒಂದಾದ ಕೆಮ್ಮಣ್ಣು. ಊರಿನ ಗೋಡೆಗಳಿಗೆ ಸುಣ್ಣದ ಜೊತೆ ಪಟ್ಟೆ ಬಳಿಯುವ ಈ ಮಣ್ಣು ಕಬ್ಬಿಣದ ಆಕ್ಸೈಡೇ ಆದ್ದರಿಂದ ಇನ್ನೂ ತುಕ್ಕು ಹಿಡಿಯುವ ಪ್ರಶ್ನೆಯೇ ಅದಕ್ಕಿಲ್ಲ. ನುಣ್ಣಗೆ ಅರೆದು ಎಣ್ಣೆಯಲ್ಲಿ ಕದಡಿದರೆ ಬಿಸಿಲಿಗೆ ಮಾಸದೆ, ನೀರಿಗೆ ಕರಗದೆ ವರ್ಷಗಟ್ಟಲೆ ನಿಲ್ಲುವುದು. ಕಿಟಕಿಯ ಸರಳು, ಗೇಟು, ತೊಲೆಗಳಿಗೆಲ್ಲ ಮೊದಲು ಬಳಿಯುವ ರೆಡ್ ಆಕ್ಸೈಡ್ ಇಂಥದ್ದೇ. ಕಬ್ಬಿಣವು ತನ್ನ ಅಂತಿಮಸ್ಥಿತಿಯನ್ನು ತಲುಪದಂತೆ ಅದನ್ನು ಕಾಯಲು, ಆ ಸ್ಥಿತಿಯನ್ನು ಆಗಲೇ ತಲುಪಿದ ಕಬ್ಬಿಣವನ್ನೇ ನಿಯೋಗಿಸುವ ಈ ಯುಕ್ತಿಯನ್ನು ನೆನೆದಾಗಲೆಲ್ಲ ನನ್ನಲ್ಲಿ ವಿಸ್ಮಯ ಹುಟ್ಟುತ್ತದೆ.

ಲೇಪವಿಲ್ಲದೆಯೂ ಬಾಳಿದ ಕಬ್ಬಿಣ ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಕೊಲ್ಲೂರಿನ ಹತ್ತಿರ ಕೊಡಚಾದ್ರಿಯ ಮೇಲೆ, ಭಾರತದಲ್ಲಿಯೇ ಅತ್ಯಂತ ಹೆಚ್ಚು ಮಳೆ ಬೀಳುವ ಪ್ರದೇಶಗಳ ನಡುವೆ ನಿಂತಿರುವ ಕಬ್ಬಿಣದ ಕಂಬವನ್ನು ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ 1999ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು. ಆದರೆ ಹಳೆಯ ಕುಲುಮೆಯ ಕಬ್ಬಿಣಕ್ಕೆ ಸಲ್ಲುವ ಮಾತು ಇಂದಿನ ಉಕ್ಕಿಗೆ ಸಲ್ಲದು.

ಆ ಉಕ್ಕು ಈ ಸೀಮೆಗೆ ಬಹು ದೊಡ್ಡ ಪ್ರಮಾಣದಲ್ಲಿ ಬಂದದ್ದು ತುಂಗಭದ್ರಾ ಅಣೆಕಟ್ಟಿನೊಡನೆ. 1945ರ ಫೆಬ್ರವರಿ 28ರಂದು ನದಿಯ ಒಂದು ದಡದಲ್ಲಿ ಹೈದರಾಬಾದಿನ ರಾಜಕುಮಾರನೂ ಇನ್ನೊಂದು ದಡದಲ್ಲಿ ಮದರಾಸಿನ ಗವರ್ನರನೂ ಶಂಕುಸ್ಥಾಪನೆ ಮಾಡಿದ ಈ ಕಟ್ಟೆಯು, ತಿರುಮಲೈ ಅಯ್ಯಂಗಾರರಂಥ ಎಂಜಿನಿಯರರ ಶ್ರಮದಿಂದ 1953ರಲ್ಲಿ ನೀರು ಹಿಡಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಟ್ಟೆಯ ಮೈಯೆಲ್ಲ ಕಲ್ಲು, ಸುಣ್ಣ, ಸುರಕಿ. ನೆತ್ತಿಯಲ್ಲಿ ಮಾತ್ರ, ಸಮುದ್ರಮಟ್ಟದಿಂದ ಎಣಿಸಿದ 1613 ಅಡಿಯಿಂದ 1633 ಅಡಿಯ ಪೂರ್ಣಮಟ್ಟದವರೆಗೆ, ನೀರನ್ನು ಹಿಡಿದು ನಿಲ್ಲಿಸುವುದು 33 ಉಕ್ಕಿನ ಬಾಗಿಲುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜನ ಅವನ್ನು ಕ್ರಸ್ಟ್‌ಗೇಟುಗಳೆಂದು ಕರೆಯುತ್ತಾರೆ. ಅವು ಮೇಲೆದ್ದಾಗ ಹಂಪೆಯ ಪುರಂದರ ಮಂಟಪವೂ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯೂ ನೀರಿನಲ್ಲಿ ಮುಳುಗುವುವು. ಕಲ್ಲು ಶತಮಾನಗಳನ್ನು ತಾಳೀತು. ಈ ಇಪ್ಪತ್ತು ಅಡಿಗಳ ನೀರು ನಿಂತಿರುವುದು ಕೆಲವು ಪದರ ಬಣ್ಣದ ಆಶ್ರಯದಲ್ಲಿರುವ ಉಕ್ಕಿನ ತಗಡಿನಿಂದ ಎಂಬುದನ್ನು ಕಟ್ಟೆಯ ಮೇಲೆ ನಿಂತು ನೋಡುವವರು ಪ್ರಾಯಃ ಯೋಚಿಸುವುದಿಲ್ಲ.

ಅಣೆಕಟ್ಟಿನ ಬಾಗಿಲಿಗಿಂತ ಕಠಿಣವಾದ ಬಾಳು ಉಕ್ಕಿಗೆ ಬೇರೆ ದೊರೆಯುವುದು ಅಪರೂಪ. ಮುಂಗಾರಿನಲ್ಲಿ ಜಲಾಶಯ ತುಂಬಿದಾಗ ಅದರ ಒಂದು ಮುಖ ತಿಂಗಳುಗಟ್ಟಲೆ ನೀರಿನಲ್ಲಿರುತ್ತದೆ, ಇನ್ನೊಂದು ಮುಖ ಬಿಸಿಲಿನಲ್ಲಿ. ನೀರಿಳಿದ ಮೇಲೆ ಬಳ್ಳಾರಿಯ ಬೇಸಗೆಯ ನಲವತ್ತು ಡಿಗ್ರಿಯ ಶಾಖದಲ್ಲಿ ಎರಡೂ ಮುಖ ಕಾಯುತ್ತವೆ. ಸದಾ ಮುಳುಗಿರುವ ಭಾಗಕ್ಕಿಂತ, ತೊಯ್ದು ಒಣಗಿ ಮತ್ತೆ ತೊಯ್ಯುವ ನೀರಂಚಿನ ಪಟ್ಟಿಯೇ ಬೇಗ ಸವೆಯುವುದು. ತೊಲೆಗಳ ಸಂದಿಯಲ್ಲಿ ಹೂಳು ಕುಳಿತರೆ ಅದರಡಿಯ ಉಕ್ಕಿಗೆ ಗಾಳಿ ಕಡಮೆ, ಪಕ್ಕದ ಉಕ್ಕಿಗೆ ಹೆಚ್ಚು. ಗಾಳಿ ಕಡಮೆಯಾದ ಭಾಗವೇ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಕರಗುವುದೆಂಬುದನ್ನು ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ 1920ರ ದಶಕದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅಂದಿನ ಜಲದ್ವಾರಗಳಿಗೆ ಎಂಜಿನಿಯರರು ಸಾಮಾನ್ಯವಾಗಿ ವಿಧಿಸುತ್ತಿದ್ದ ಕ್ರಮ ಇದು: ಕಾರ್ಖಾನೆಯ ಉರುಳೆಗಳಿಂದ ಕೆಂಡವಾಗಿ ಹೊರಬಂದ ತಗಡಿನ ಮೇಲೆ ಕಟ್ಟಿಕೊಂಡ ನೀಲಿಗಪ್ಪು ಪೊರೆಯನ್ನು ತಂತಿಯ ಬ್ರಷ್ಷಿನಿಂದಲೋ ರಭಸವಾಗಿ ಊದಿದ ಮರಳಿನಿಂದಲೋ ಕಿತ್ತು ತೆಗೆಯತಕ್ಕದ್ದು, ಶುದ್ಧವಾದ ಮೈಗೆ ಅಂದೇ, ರಾತ್ರಿಯ ಇಬ್ಬನಿ ತಗುಲುವ ಮುನ್ನವೇ, ಸಿಂಧೂರದ ಲೇಪ ಕೊಡತಕ್ಕದ್ದು, ಅದು ಪೂರ್ಣ ಒಣಗಿದ ಮೇಲೆ ಇನ್ನೊಂದು, ಮೇಲೆ ನೀರು ಮುಟ್ಟುವ ಕಡೆ ಡಾಂಬರಿನ ಜಾತಿಯ ಬಣ್ಣ, ಬಿಸಿಲು ಮುಟ್ಟುವ ಕಡೆ ಅಲ್ಯೂಮಿನಿಯಮ್ ಬಣ್ಣ. ಆ ನೀಲಿ ಪೊರೆಯನ್ನು ಉಳಿಸಿ ಬಣ್ಣ ಬಳಿದರೆ ಮುಂದೊಂದು ದಿನ ಪೊರೆಯೊಡನೆ ಬಣ್ಣವೂ ಚಕ್ಕೆಚಕ್ಕೆಯಾಗಿ ಎದ್ದುಹೋಗುವುದು ನಿಶ್ಚಯ. ಇಷ್ಟೆಲ್ಲ ಶ್ರಮದ ಬಳಿಕ ಲೋಹದ ಮೇಲೆ ನಿಲ್ಲುವ ಲೇಪದ ದಪ್ಪ ನಾಲ್ಕು ಕೂದಲೆಳೆಗಳನ್ನು ಒತ್ತಿಟ್ಟಷ್ಟು. ಅದನ್ನು ನವೀಕರಿಸಲು ದೊರೆಯುವ ಕಾಲ, ನೀರು 1613 ಅಡಿಗಿಂತ ಕೆಳಗಿಳಿದಾಗಿನಿಂದ ಮುಂಗಾರು ಏರುವ ತನಕ ಮಾತ್ರ. ಆ ಬೇಸಗೆಯಲ್ಲಿ ಕಾದ ಉಕ್ಕಿನ ಮೇಲೆ ಬಳಿದ ಬಣ್ಣವು ಹರಡಿಕೊಳ್ಳುವ ಮೊದಲೇ ಬಿಗಿಯುವುದರಿಂದ, ನಸುಕಿನಲ್ಲಿ ಹಗ್ಗದ ತೊಟ್ಟಿಲಲ್ಲಿ ಇಳಿದು ಹೊತ್ತೇರುವ ಮುನ್ನ ಕೆಲಸ ತೀರಿಸಬೇಕು. ಸೀಸದ ಧೂಳನ್ನು ಉಸಿರಾಡುತ್ತ ಈ ಕೆಲಸ ಮಾಡಿದವರ ದೇಹಕ್ಕೆ ಆದ ಹಾನಿಯನ್ನು ಅಂದು ಯಾರೂ ಲೆಕ್ಕ ಹಿಡಿಯಲಿಲ್ಲ. ಮನೆಗಳ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ.

ಅಣೆಕಟ್ಟಿನ ನೆರಳಿನಲ್ಲಿಯೇ ಬಾಗಿಲು ಮಾಡುವ ವಿದ್ಯೆಯೂ ಬೆಳೆಯಿತು. 1960ರಲ್ಲಿ ಸ್ಥಾಪಿತವಾದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರೀ ಸಂಸ್ಥೆಯು ಹೊಸಪೇಟೆಯ ಡ್ಯಾಮಿನ ಬಳಿ ನೆಲೆಸಿ, ದೇಶದ ಅನೇಕ ಅಣೆಕಟ್ಟುಗಳಿಗೆ ಜಲದ್ವಾರಗಳನ್ನೂ, ಅವನ್ನು ಎತ್ತುವ ಯಂತ್ರಗಳನ್ನೂ, ನೀರು ಹರಿಸುವ ಬೃಹತ್ ಕೊಳವೆಗಳನ್ನೂ ನಿರ್ಮಿಸಿ ಕಳುಹಿಸಿತು. ತಗಡು ಕತ್ತರಿಸುವವರು, ಬೆಸೆಯುವವರು, ಮರಳು ಊದುವವರು, ಬಣ್ಣ ಬಳಿಯುವವರು ತಲೆಮಾರಿನಿಂದ ತಲೆಮಾರಿಗೆ ಕಲಿತ ಕೌಶಲವೊಂದು ಊರಿನಲ್ಲಿ ನೆಲೆಗೊಂಡಿತ್ತು. ಸಂಸ್ಥೆಯನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಚಿವಸಂಪುಟ 2015ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿತು. ಲಾಭನಷ್ಟದ ಲೆಕ್ಕದಲ್ಲಿ ಅದು ಸರಿಯಿದ್ದಿರಬಹುದು. ಅಷ್ಟೊಂದು ಬಾಗಿಲುಗಳಿರುವ ದೇಶದಲ್ಲಿ ಬಾಗಿಲಿನ ವಿದ್ಯೆಯ ಮನೆಯೊಂದು ಬರಿದಾದದ್ದು ನನಗೆ ಇಂದಿಗೂ ನೋವಿನ ಸಂಗತಿಯಾಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೆಯ ಬಾಗಿಲಿನ ಸರಪಳಿಯ ಕೊಂಡಿ ಕಡಿದು, ಬಾಗಿಲು ಪ್ರವಾಹದಲ್ಲಿ ಕೊಚ್ಚಿಹೋಯಿತು. ಜಲದ್ವಾರಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸಿ, ಒಂದು ವಾರದೊಳಗಾಗಿ ಆ ಕಂಡಿಯನ್ನು ಮುಚ್ಚಿದ್ದು ಸ್ಮರಣೀಯವಾದ ಸಾಹಸ. ಸರಪಳಿ ಕಡಿದುದಕ್ಕೆ ತುಕ್ಕೊಂದೇ ಕಾರಣವೆಂದು ಹೇಳಲು ನಾನು ಅಧಿಕಾರಿಯಲ್ಲ. ಆದರೆ ಸರಪಳಿಯು ಲೇಪನವಿದ್ಯೆಯ ಮಿತಿಯನ್ನು ತೋರಿಸುವ ವಸ್ತುವೆಂಬುದನ್ನು ಹೇಳಲೇಬೇಕು. ಕೊಂಡಿಗೆ ಕೊಂಡಿ ಉಜ್ಜುವಲ್ಲಿ ಯಾವ ಬಣ್ಣವೂ ನಿಲ್ಲದು. ಬಂಡಿಯ ಅಚ್ಚಿನಂತೆ ಅಲ್ಲಿಯೂ ಒಣಗದ ಜಿಡ್ಡೇ ರಕ್ಷಕ, ಮತ್ತು ಜಿಡ್ಡನ್ನು ನೀರೂ ಧೂಳೂ ತೊಳೆದೊಯ್ದಂತೆಲ್ಲ ಮನುಷ್ಯನ ಕೈ ಮರಳಿ ಹೋಗಿ ತುಂಬಬೇಕು. ಆ ಕೀಲುಗಳ ಒಳಭಾಗ ಹೊರಗಿನಿಂದ ಕಾಣದು. ಎಪ್ಪತ್ತು ವರ್ಷ ದುಡಿದ ಬಾಗಿಲುಗಳನ್ನೆಲ್ಲ ಬದಲಿಸಬೇಕೆಂದು ತಜ್ಞರು ತರುವಾಯ ಸಲಹೆ ಮಾಡಿದರು.

ಹೊಸ ಬಾಗಿಲುಗಳಿಗೆ ಸಿಂಧೂರದ ಬದಲು ಇಂದು ದೊರೆಯುವುದು ಸತುವಿನ ಪುಡಿ ತುಂಬಿದ ಎಪಾಕ್ಸಿ ಬಣ್ಣಗಳು. ಸತುವಿನ ಗುಣ ಚಿನ್ನ, ತವರಗಳ ಗುಣಕ್ಕೆ ನೇರ ವಿರುದ್ಧವಾದದ್ದು: ತವರದ ಹೊದಿಕೆ ಗೀರಿದರೆ ಕೆಳಗಿನ ಕಬ್ಬಿಣವೇ ಮೊದಲು ಕೆಡುವುದು, ಸತುವಿನ ಹೊದಿಕೆ ಗೀರಿದರೆ ಸತುವು ತಾನು ಮೊದಲು ಕರಗಿ, ತೆರೆದುಕೊಂಡ ಕಬ್ಬಿಣವನ್ನು ಕೆಲಕಾಲ ಕಾಯುವುದು. ಕಬ್ಬಿಣಕ್ಕೆ ಸತುವಿನ ಹೊದಿಕೆ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಸನ್ನದು ಪಡೆದನು. ಇಂದು ಹೊಸಪೇಟೆಗೂ ಬಳ್ಳಾರಿಗೂ ನಡುವೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಈ ಸೀಮೆಯ ಅದಿರಿನಿಂದಲೇ ಆದ ತಗಡು 450 ಡಿಗ್ರಿಯ ಆಸುಪಾಸಿನ ಸತುವಿನ ದ್ರವದಲ್ಲಿ ಮುಳುಗಿ ಹೊರಬರುತ್ತದೆ. ಕಲಾಯಿಯವನ ಸೂತ್ರ ಅಲ್ಲಿಯೂ ಬದಲಾಗಿಲ್ಲ. ತಗಡಿನ ಮೈಯ ಜಿಡ್ಡು ತೆಗೆದು, ಆಕ್ಸೈಡನ್ನು ನಿವಾರಿಸಿದ ಹೊರತು ಸತುವು ಅದನ್ನು ಮುಟ್ಟುವುದಿಲ್ಲ. ಬಾಗಿಲಿನ ಬಣ್ಣದ ದಪ್ಪವನ್ನು ಈಗ ಅಂಗೈಯಗಲದ ಉಪಕರಣದಿಂದ ಮೈಕ್ರಾನುಗಳಲ್ಲಿ ಅಳೆಯಬಹುದು, ಉಕ್ಕು ಎಷ್ಟು ಸವೆದಿದೆಯೆಂಬುದನ್ನು ಶ್ರವಣಾತೀತ ಧ್ವನಿಯಿಂದ ಒಡೆಯದೆಯೇ ತಿಳಿಯಬಹುದು. ರೈಲ್ವೆಯವರಲ್ಲಿ ಸೇತುವೆಯ ಉಕ್ಕಿನ ತೊಲೆಗಳ ಮೇಲೆಯೇ ಬಣ್ಣ ಬಳಿದ ದಿನಾಂಕವನ್ನು ಬರೆದಿಡುವ ಪದ್ಧತಿಯುಂಟು. ತುಂಗಭದ್ರೆಯ 33 ಬಾಗಿಲುಗಳ ಮೇಲೆಯೂ, ಕಟ್ಟೆಯ ಮೇಲೆ ನಡೆದುಹೋಗುವ ಸಾಮಾನ್ಯನ ಕಣ್ಣಿಗೆ ಬೀಳುವಂತೆ, ಲೇಪ ಕೊಟ್ಟ ದಿನಾಂಕವನ್ನೂ, ಅದರ ದಪ್ಪವನ್ನೂ, ಮುಂದಿನ ಪರೀಕ್ಷೆ ಆಗಬೇಕಾದ ಬೇಸಗೆಯನ್ನೂ, ಬಳಿದ ಕೆಲಸಗಾರರ ಹೆಸರುಗಳನ್ನೂ ಕನ್ನಡದಲ್ಲಿ ಬರೆಯಿಸಬೇಕೆಂಬುದು ನನ್ನ ಬಿನ್ನಹ.